ಗಡಿಗೆಯಲ್ಲಿ ಹೆಪ್ಪುಗಟ್ಟಿದ ಗಂಜಿ

ಹುಣಸೆಬೀಜದ ಗಂಜಿ ಎಂದರೆ ಹರಿಯಬೇಕು. ಕುಂಚ ಅದ್ದಿ ಎತ್ತಿದರೆ ತೊಟ್ಟಿಕ್ಕಬೇಕು, ಕಂಬಳಿ ನೇಯಲು ಹೂಡಿದ ಹಾಸುನೂಲಿನ ಎಳೆ ಎಳೆಗೂ ಇಳಿಯಬೇಕು. ಅಂದು ಮೈಲಾರವ್ವ ಕುಂಚ ಎತ್ತಿದರೆ ಇಡೀ ಗಂಜಿಯೇ ಮುದ್ದೆಯಾಗಿ ಮೇಲೆದ್ದು ಬಂತು! ಕೊಡವಿದರೆ ತುಂಡಾಗಿ ಗಡಿಗೆಗೆ ಬಿತ್ತು. ಬಿಟ್ಟು ನೋಡಿದರೆ ಆ ತುಂಡುಗಳು ಕಳ್ಳರ ಹಾಗೆ ಮೆಲ್ಲಗೆ ಕೂಡಿಕೊಂಡು ಮತ್ತೆ ಒಂದಾದವು.

“ಯವ್ವಾ, ಇದೇನ ಪೀಡಾ!” ಎಂದಳು ಬಾಜೂಮನೆಯ ಬಸಕ್ಕ. ಅವಳ ಕಣ್ಣು ಮಾತ್ರ ಹಿತ್ತಲಲ್ಲಿ ಗಂಗಾಳ ತಿಕ್ಕುತ್ತಿದ್ದ ಹೊಸ ಸೊಸೆ ರೇಣುಕವ್ವನ ಮೇಲಿತ್ತು.

ಮೈಲಾರವ್ವನಿಗೆ ಅಷ್ಟೇ ಸಾಕಾಯಿತು. ಮೊದಲೇ ಸಂಶಯದ ಹೆಂಗಸು. ಹಾಲು ಒಡೆದರೂ ಯಾರು ಹಣಿಕಿ ಹಾಕಿ ಹೋದರೆಂದು ಕೇಳುವಾಕೆ. ಇಷ್ಟು ವರ್ಷ ತಾನೇ ಗಂಜಿ ಕಾಸಿದ್ದಳು, ಒಮ್ಮೆಯೂ ಹೀಗಾಗಿರಲಿಲ್ಲ. ಈ ಸಲ ಕಾಸಿದ್ದು ಸೊಸೆ. ಮಗನನ್ನು ಕಿತ್ತುಕೊಂಡು ಬೇರೆ ಒಲೆ ಹೂಡಲು ಇವಳೇ ಏನೋ ಬೆರೆಸಿರಬೇಕು.

“ಏನ ಹಾಕೀಬೇ ಇದರಾಗ?”

“ಹಿಟ್ಟು, ನೀರು. ಮತ್ತೇನ ಹಾಕ್ಲಿ ಅತ್ತಿ? ಹಾಸು ಗಟ್ಟಿ ಬರ್ಲಿ ಅಂತ ಹಿಟ್ಟು ಜಾಸ್ತಿ ಸುರದೀನ್ರಿ.”

“ಹಿಟ್ಟು ಜಾಸ್ತಿ ಆದ್ರ ಗಂಜಿ ದಪ್ಪ ಆಕ್ಕೈತಿ. ಹಿಂಗ ಜೀವ ಬಂದಂಗ ಕುಣಿತೈತೇನು?”

ತಾನು ಹಾಕಿದ್ದರ ಬಗ್ಗೆ ಮಾತ್ರ ಮೈಲಾರವ್ವ ತುಟಿ ಬಿಚ್ಚಲಿಲ್ಲ. ಹುಳ ಹತ್ತದಿರಲೆಂದು ಕೊನೆಗೊಂದು ಚಿಟಿಕೆ ಬಿಳಿಗಾರ, ಅದೇ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿ ಪುಡಿ, ಉದುರಿಸುವುದು ಆಕೆಯ ಅತ್ತೆ ಕಿವಿಯಲ್ಲಿ ಹೇಳಿಕೊಟ್ಟ ಗುಟ್ಟು. ಮಗನಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಹಾಕುತ್ತಿದ್ದುದನ್ನೇ ಈ ಸಲ ಸೊಸೆ ಕಾಸಿದ ಗಂಜಿಗೂ ಹಾಕಿದ್ದಳು. ಅದರ ಮೇಲೆ ಅನುಮಾನ ಪಡುವುದುಂಟೇ?

ಮಗ ಹೊಳೆಯಪ್ಪ ಕುರಿ ಹೊಡೆದುಕೊಂಡು ಬರುತ್ತಲೇ ತೀರ್ಪು ಹೇಳಿದಳು. “ನಾಳೆ ಅದೇ ಹಿಟ್ಟಿನಾಗ ನಾ ಕಾಸ್ತೀನಿ. ನೆಟ್ಟಗ ಬಂತಂದ್ರ ಇಕೀನ್ನ ಕುಂದಗೋಳಕ್ಕ ತವರಮನಿಗೆ ಬಿಟ್ಟು ಬಾ. ತಿರುಗಿ ಕರಕೊಂಡು ಬರಬ್ಯಾಡ.”

ಹೊಳೆಯಪ್ಪ “ಹೂಂ” ಎಂದ. ಎಂಥ ಗಂಡಸೋ!

ರೇಣುಕವ್ವ ಅಳಲಿಲ್ಲ. “ಆಗ್ಲಿ ಅತ್ತಿ. ಆದ್ರ ನಾ ಹಾಕಿದಷ್ಟೇ ಹಿಟ್ಟು ಹಾಕ್ರಿ.”

ಮರುದಿನ ಬಟ್ಟೆಯ ಗಂಟು ಕಟ್ಟಿಟ್ಟು ಅವಳು ಒಲೆಯ ಎದುರೇ ಕೂತಳು. ಮೈಲಾರವ್ವ ಅಷ್ಟೇ ಹಿಟ್ಟು ಸುರಿದು ಕಾಸಿದಳು. ಗಂಜಿ ದಪ್ಪಗಿತ್ತು, ಆದರೂ ತೊಟ್ಟಿಕ್ಕಿತು. “ನೋಡಲೇ ಹೊಳೆಯಾ!” ಎಂದು ಬೀಗಿದಳು. ಆಮೇಲೆ ಕೈ ರೂಢಿಯಂತೆ ಸೊಂಟದ ಸಂಚಿಗೆ ಹೋಯಿತು. ಸೆರಗು ಮರೆಮಾಡಿ ಬಿಳಿಗಾರ ಉದುರಿಸಿ ಕೋಲು ತಿರುವುತ್ತಿದ್ದಂತೆ ಗಂಜಿಯೆಲ್ಲ ಕೋಲಿಗೇ ಗಂಟುಬಿದ್ದು ತಿರುಗತೊಡಗಿತು.

ಆಕೆ ಕೋಲು ಎತ್ತಿ ಹಿಡಿದಳು. ಒಂದು ತುಂಡು ಕಿತ್ತು, ನೀರು ಹಾಕಿ ಕಿವುಚಿದಳು; ಅದು ಸಡಿಲಾಗಿ ಬೆರಳ ಸಂದಿಯಿಂದ ಹರಿದುಹೋಯಿತು. ತಾನು ಯಾವಾಗಲೂ ಹಿಟ್ಟಿಗೆ ಕೈ ಬಿಗಿ ಹಿಡಿದು ತೆಳ್ಳಗೆ ಕಾಸುತ್ತಿದ್ದಳಲ್ಲ! ಎಳೆ ವಿರಳವಾಗಿದ್ದರೆ ಸಿಕ್ಕಾಗುವುದಿಲ್ಲ, ಒತ್ತಾಗಿದ್ದರೆ ಒಂದಕ್ಕೊಂದು ಗಂಟುಬೀಳುತ್ತದೆ ಎಂಬುದು ನೂಲಿನವರಿಗೆ ಹೊಸತೇ? ಬಿಳಿಗಾರ ಅಷ್ಟೇ ಇದ್ದರೂ ಹಿಟ್ಟು ಹೆಚ್ಚಾಗಿ ಗಂಟುಬಿದ್ದಿತ್ತು.

“ಗಂಟು ಬಿಚ್ಚಬೇ. ಎಲ್ಲೂ ಹೋಗಬ್ಯಾಡ.” ಸೊಸೆಯತ್ತ ನೋಡದೆಯೇ ಹೇಳಿದಳು ಮೈಲಾರವ್ವ.

ರೇಣುಕವ್ವ ಕದಲಲಿಲ್ಲ. “ಸೆರಗಿನ ಮರ್ಯಾಗ ಬೆಳ್ಳಗ ಏನೋ ಉದರಿಸಿದ್ರಲ್ಲ, ಅದೇನ್ರಿ?”

“ಬಿಳಿಗಾರ. ಹುಳ ಹತ್ತಬಾರದಂತ.”

“ಮುಚ್ಚಿಟ್ಟು ಯಾಕ ಹಾಕ್ತೀರಿ? ಮತ್ತ ಯಾವ್ಯಾವದಕ್ಕ ಹಾಕೀರಿ?”

ಮೈಲಾರವ್ವ ಸಂಚಿಯ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಹಗಲೂ ರಾತ್ರಿ ತಾನು ಸೊಸೆಯನ್ನು ಕಾಯುತ್ತಿದ್ದರೆ, ಸೊಸೆ ತನ್ನನ್ನೂ ನೋಡುತ್ತಿದ್ದಾಳೆಂದು ಆಕೆಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನ ತಾನೇ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ತಪ್ಪಾಯಿತೆಂದು ಹೇಳುವುದು ಆಕೆಗೆ ಬರುತ್ತಿದ್ದುದು ಹೀಗೆ ಮಾತ್ರ. ರೇಣುಕವ್ವ ಗಂಗಾಳವನ್ನು ಅತ್ತೆಯ ಕಡೆ ಸರಿಸಿದಳು.

“ಮೊದ್ಲ ನೀವು ತಿನ್ರಿ.”

ಸೊಸೆಗೆ ಎರಡು ಮಾತು ಬೈಯೆಂದು ಹೇಳಲು ಮೈಲಾರವ್ವ ಮಗನತ್ತ ತಿರುಗಿದಳು. ಅವನೂ ರೊಟ್ಟಿ ಮುರಿಯದೆ, ತಾಯಿ ತುತ್ತು ನುಂಗುವುದನ್ನೇ ಕಾಯುತ್ತ ಕೂತಿದ್ದ.