ಕಥೆಯೊಳಗಿನ ಅಜ್ಜಿ

ಸೋದರಮಾವನನ್ನು ಮದುವೆಯಾದವಳು ಕಥೆ ಬರೆಯಲು ಹೋಗಬಾರದು. ನನ್ನ ಗಂಡ ಶಿವರಾಜು ನಮ್ಮಮ್ಮನ ಸ್ವಂತ ತಮ್ಮ. ಹಾಗಾಗಿ ಅಮ್ಮನ ತಾಯಿ ಪುಟ್ಟಮಾದಮ್ಮ ನನಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ನಮ್ಮೂರು ಕೊತ್ತತ್ತಿಯಲ್ಲಿ ಇದು ಎಲ್ಲರಿಗೂ ಗೊತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಮಂಡ್ಯದ ನಿವೃತ್ತ ಮೇಷ್ಟ್ರು ಮಹದೇವಸ್ವಾಮಿಯವರು ಜಿಲ್ಲೆಯ ಹೆಂಗಸರು ಬರೆದ ಕಥೆಗಳದೊಂದು ಪುಸ್ತಕ ತರುತ್ತಿದ್ದಾರೆ. ಭಾರತೀನಗರದ ಶಾಲೆಗೆ ಪಾಠ ಮಾಡಲು ಹೋಗಿಬರುವ ಬಸ್ಸಿನಲ್ಲೇ ಕೂತು ಹನ್ನೊಂದು ವರ್ಷದಿಂದ ಬರೆದು ಬರೆದು ಬಚ್ಚಿಟ್ಟವಳು ನಾನು. ಮೊದಲ ಸಲ ನನ್ನದೊಂದು ಕಥೆ ಆಯ್ಕೆಯಾಯಿತು. ಮೊಮ್ಮಗಳ ನೋಟ್‌ಬುಕ್ಕನ್ನು ಅಜ್ಜಿಯೊಬ್ಬಳು ನೀರೊಲೆಗೆ ಹಾಕುವ ಕಥೆ. ಪೂರ್ತಿ ಕಲ್ಪನೆ. ನಮ್ಮಜ್ಜಿ ನನ್ನ ಒಂದು ಹಾಳೆಯನ್ನೂ ಮುಟ್ಟಿದವಳಲ್ಲ.

ಶಿವರಾಜು ಖುಷಿಯಲ್ಲಿ ಅದನ್ನು ಮನೆಯವರ ಮುಂದೆ ಓದಿದ್ದೇ ತಪ್ಪಾಯಿತು. ಅಜ್ಜಿ ಎಲೆ ಅಡಿಕೆ ಉಗಿದು ಬಂದು ನನ್ನೆದುರು ಕೂತಳು.

"ಅಳ್ಳಿಯೋರೆಲ್ಲ ನನ್ನೇ ಅಂತಾರೆ ಕಣವ್ವ. ನಾನ್ಯಾವತ್ತು ಸುಟ್ಟೆ?"

ಹಾಗಾದರೆ ಅಜ್ಜಿ ಬೇಡ, ಅತ್ತೆ ಎಂದು ತಿದ್ದುತ್ತೇನೆ ಎಂದೆ. ಅದೂ ತಾನೇ ಅಲ್ಲವೇ ಎಂದಳು. ಮಾವ ಎಂದು ತಿದ್ದಿದೆ. ಶಿವರಾಜು ಮುಖ ಊದಿಸಿಕೊಂಡರು. ಮಾತು ಬಂದಾಗಿನಿಂದ ನಾನು ಮಾವ ಎಂದು ಕರೆದದ್ದು ಅವರನ್ನೇ. ಅಮ್ಮ ಎಂದು ಮಾಡಿದರೆ ಅವರ ಅಕ್ಕನ ಮಾನ ಹೋಯಿತು. ಪಕ್ಕದ ಮನೆಯವಳು ಎಂದು ಮಾಡಿದೆ. ಸುದ್ದಿ ಹೇಗೆ ಹೋಯಿತೋ, ಪಕ್ಕದ ಮನೆಯ ಇಂದ್ರಮ್ಮ ಹುಣಸೆಹಣ್ಣು ಕೇಳುವ ನೆಪದಲ್ಲಿ ಬಂದು ಅತ್ತು ಹೋದಳು. ಬೇರೆ ಹೆಸರಲ್ಲಿ ಅಚ್ಚು ಹಾಕಿಸು ಎಂದರು ಶಿವರಾಜು. ನನ್ನ ಹೆಸರು ಅಚ್ಚಾಗಲೆಂದೇ ಅಲ್ಲವೇ ನಾನು ಇಷ್ಟು ವರ್ಷ ಕಾದದ್ದು?

ಇದೇ ಊರಿನ ನಾಗೇಶ ತನ್ನಪ್ಪನ ಕುಡಿತದ ಮೇಲೆ ಪದ್ಯ ಕಟ್ಟಿದಾಗ ಅವನಿಗೆ ಶಾಲು ಹೊದಿಸಿದ್ದರು. ಅಪ್ಪನೂ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ಟಿದ್ದ. ಅವನು ಬರೆದರೆ ಅನುಭವ, ನಾನು ಬರೆದರೆ ಚಾಡಿ. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಕೊನೆಗೆ ಸಂಬಂಧಗಳೆಲ್ಲ ಮುಗಿದು ಉಳಿದವಳು ನಾನೊಬ್ಬಳೇ. 'ನನ್ನ ನೋಟ್‌ಬುಕ್ಕನ್ನು ನಾನೇ ನೀರೊಲೆಗೆ ಹಾಕಿದೆ' ಎಂದು ಬರೆದು, ಎಲ್ಲರನ್ನೂ ಕೂರಿಸಿ ಓದಿದೆ. ಯಾರಿಗೂ ಬೇಜಾರಾಗಲಿಲ್ಲ. ಅಜ್ಜಿಯಂತೂ ಪ್ರೀತಿಯಿಂದ ನನ್ನ ಕೆನ್ನೆ ಸವರಿದಳು.

"ಈಗ ಚಂದಾಗೈತೆ ಬುಡವ್ವ. ಯಾರ್ಗೂ ನೋವಿಲ್ಲ."

ಅದನ್ನೇ ಕಳಿಸಿದೆ. ಎರಡು ದಿನ ಬಿಟ್ಟು ಮೇಷ್ಟ್ರು ಫೋನ್ ಮಾಡಿದರು. ಅಜ್ಜಿ ಇದ್ದಾಗ ಕಥೆಗೆ ಜೀವವಿತ್ತಂತೆ. ಈಗ ಪುಸ್ತಕಕ್ಕೆ ಸೇರಿಸಲು ಆಗುವುದಿಲ್ಲವಂತೆ.

"ನಂಬೋ ಹಾಗಿಲ್ಲ ಕಣಮ್ಮ. ಬರೆಯೋ ಹೆಂಗಸು ತಾನು ಬರೆದಿದ್ದನ್ನ ತಾನೇ ಯಾಕೆ ಸುಡ್ತಾಳೆ?"

"ಮೊನ್ನೆ ತಾನೇ ಸುಟ್ಟೆ ಸಾರ್," ಎಂದೆ. "ಮನೆಯೋರೆಲ್ಲ ಕೂತು ನೋಡಿದ್ರು."