ಇಪ್ಪತ್ತೇಳರಿಂದ ಮೂರಕ್ಕೆ

ಆರು ಚಾರ್ಜರ್‌ಗಳಲ್ಲಿ ನಾಲ್ಕು ಕೆಟ್ಟು ಕೂತಿದ್ದವು. ಉಳಿದ ಎರಡಕ್ಕೆ ಮೂವತ್ತೊಂದು ಕಾರುಗಳು ಕಾಯುತ್ತಿದ್ದವು. ನಮ್ಮದು ಇಪ್ಪತ್ತೇಳನೆಯದು.

ಮಧ್ಯಾಹ್ನ ಎರಡು ಗಂಟೆ. ತಗಡಿನ ಚಾವಣಿ ಇದ್ದದ್ದು ಚಾರ್ಜರ್‌ಗಳ ಮೇಲೆ ಮಾತ್ರ, ಮನುಷ್ಯರ ಪಾಲಿಗೆ ಬಿಸಿಲು. ಸಾಲು ರಜೆ ಸಿಕ್ಕಿತೆಂದು ಊರಿಗೆ ಊರೇ ಹೆದ್ದಾರಿಗೆ ಇಳಿದಿತ್ತು. ಒಂದರ ಬೆನ್ನಿಗೆ ಇನ್ನೊಂದರ ಮೂತಿ ತಾಗಿಸಿಕೊಂಡು ಕಾರುಗಳು ಆವರಣವನ್ನೆಲ್ಲ ತುಂಬಿದ್ದವು. ಸಾಲಿನ ಬಾಲ ರಸ್ತೆಗೂ ಚಾಚಿಕೊಂಡಿತ್ತು. ನಡುವೆ ಓಡಾಡಬೇಕೆಂದರೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆಯಬೇಕು. ಮುಂದಿನ ಸ್ಟೇಷನ್ ನೂರಿಪ್ಪತ್ತು ಕಿಲೋಮೀಟರ್ ದೂರ. ನಮ್ಮ ಕಾರಿನಲ್ಲಿ ಉಳಿದಿದ್ದು ಒಂಬತ್ತು ಪರ್ಸೆಂಟ್.

ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಬೀಗ ಹಾಕಿದ ಒಂದು ಕೋಣೆ, ಅದರ ಬಾಗಿಲ ಮೇಲೆ ಯಾರೂ ಎತ್ತದ ಒಂದು ಫೋನ್ ನಂಬರು, ಅಷ್ಟೆ. ನಾವು ಬರುವ ಮೊದಲು ಇಬ್ಬರು ಕೊರಳಪಟ್ಟಿ ಹಿಡಿದುಕೊಂಡಿದ್ದರಂತೆ. ಆಗ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು ನಡುವೆ ನಿಂತು ಆಡಳಿತ ಕೈಗೆತ್ತಿಕೊಂಡಿದ್ದರು. ನಿವೃತ್ತರಾದ ಮೇಲೂ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ತಿರುಗುವವರು ಇರುತ್ತಾರೆಂದು ನನಗೆ ಅಂದೇ ಗೊತ್ತಾಗಿದ್ದು. ಪ್ರತಿ ಕಾರಿನ ಬಾನೆಟ್ ಮೇಲೆ ಅವರು ದುಂಡಗೆ ನಂಬರು ಬರೆದಿದ್ದರು. ಒಬ್ಬೊಬ್ಬರಿಗೆ ನಲವತ್ತು ನಿಮಿಷ. ಸಾಲು ಬಿಟ್ಟು ಕದಲಿದ ಕಾರು ಮತ್ತೆ ಬಾಲಕ್ಕೆ. ಯಾರಿಗಾದರೂ ಜೀವಕ್ಕೆ ಬಂದಿದ್ದರೆ ಮಾತ್ರ ಮುಂದೆ ಬಿಡುವುದು. ಎಲ್ಲರೂ ಒಪ್ಪಿದ್ದರು. ನಾನೂ ತಲೆಯಾಡಿಸಿದ್ದೆ.

ನನ್ನ ಕೆಲಸದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹದಿನಾರು ವರ್ಷದಿಂದ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂತಿದ್ದೇನೆ. ಯಾರ ಮನೆಗೆ ನಿಜವಾಗಿ ನೀರು ಬಂದಿಲ್ಲ, ಯಾರು ಪಕ್ಕದ ಮನೆಯ ಮೇಲಿನ ಹೊಟ್ಟೆಕಿಚ್ಚಿಗೆ ಬಂದಿದ್ದಾರೆ ಎಂದು ಮುಖ ನೋಡಿದರೆ ಸಾಕು, ಹೇಳುತ್ತೇನೆ. ಸುಳ್ಳು ಹೇಳುವವರು ತುಂಬ ಮಾತಾಡುತ್ತಾರೆ. ಕೇಳದಿದ್ದರೂ ದಿನಾಂಕ, ಗಂಟೆ, ಸಾಕ್ಷಿ ಎಲ್ಲ ಕೊಡುತ್ತಾರೆ. ನಿಜ ಹೇಳುವವರು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಾರೆ. ಇಷ್ಟು ಗೊತ್ತಿದ್ದವಳಿಗೆ ಒಳ್ಳೆಯ ಸುಳ್ಳು ಕಟ್ಟುವುದು ಎಷ್ಟು ಹೊತ್ತಿನ ಕೆಲಸ?

ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆ ತೂಕಡಿಸುತ್ತಿದ್ದರು.

"ಅತ್ತೆ, ನಿಮಗೆ ಎದೆನೋವು ಅಂತ ಹೇಳ್ತೀನಿ," ಎಂದೆ.

"ನನಗೇನಾಗಿದೆಯೇ? ಗುಂಡುಕಲ್ಲಿನ ಹಾಗಿದ್ದೀನಿ."

"ಏನೂ ಆಗಿಲ್ಲ. ಆಗಿರೋ ಹಾಗೆ ಇದ್ರೆ ಸಾಕು."

ನನ್ನ ಗಂಡ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು, "ಬೇಡ ಕಣೇ, ಯಾಕೆ ಬೇಕು," ಎಂದರು. ಅವರ ಬೇಡಗಳನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿದ್ದರೆ ನಮ್ಮ ಸಂಸಾರ ಇನ್ನೂ ಒಂದೇ ಕೋಣೆಯ ಮನೆಯಲ್ಲಿ ಇರುತ್ತಿತ್ತು. ಅತ್ತೆಗೆ ಅಷ್ಟರಲ್ಲಿ ಹುಮ್ಮಸ್ಸು ಬಂದಿತ್ತು. "ನೋವು ಎಡಗಡೆ ತಾನೆ? ಬೆವರು ಬರ್ಬೇಕಾ? ಅದಂತೂ ಆಗಲೇ ಬಂದಿದೆ," ಎಂದು ಸೆರಗಿನಿಂದ ಕತ್ತು ಒರೆಸಿಕೊಂಡರು.

ನಮಗೆ ಅಂಥ ಅವಸರವೇನೂ ಇರಲಿಲ್ಲ ಎನ್ನುವುದನ್ನು ಇವತ್ತು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಕಾದಿದ್ದರೆ ಆಗುತ್ತಿತ್ತು. ಕಾಯುವುದು ಕೌಂಟರಿನ ಆಚೆ ನಿಂತವರ ಕೆಲಸವೆಂದು ನನಗೆ ಅಭ್ಯಾಸವಾಗಿಬಿಟ್ಟಿತ್ತು, ಅಷ್ಟೆ.

ನಾನು ಅಳುತ್ತಾ ಓಡಿ, ಅತ್ತೆಗೆ ಎದೆನೋವು ಎಂಬ ಒಂದೇ ಮಾತನ್ನು ಮೇಷ್ಟ್ರಿಗೆ ಎರಡು ಮೂರು ಸಲ ಹೇಳಿದೆ. ಅವರು ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದರು. ಅತ್ತೆ ಕಣ್ಣು ಮುಚ್ಚಿ ಸಣ್ಣಗೆ ನರಳಿದರು. ಆ ಮನುಷ್ಯ ಎರಡನೇ ಪ್ರಶ್ನೆ ಕೇಳಲಿಲ್ಲ. ಬಿಸಿಲಲ್ಲಿ ಓಡಾಡಿ, ಒಂದೊಂದೇ ಕಾರಿನ ಗಾಜು ತಟ್ಟಿ, "ಹಿಂದೆ ತಗೊಳ್ಳಿ, ಸ್ವಲ್ಪ ಎಡಕ್ಕೆ, ನಿಮ್ಮ ನಂಬರಿಗೆ ನಾನು ಜವಾಬ್ದಾರಿ," ಎನ್ನುತ್ತಾ ನಮಗೆ ದಾರಿ ಬಿಡಿಸಿದರು. ಯಾರೋ ತಣ್ಣನೆಯ ನೀರಿನ ಬಾಟಲಿ ಒಳಗೆ ಕೊಟ್ಟರು. ಅಷ್ಟು ದೊಡ್ಡ ಜಂಗುಳಿ ಹತ್ತೇ ನಿಮಿಷದಲ್ಲಿ ಸರಿದು ನಮ್ಮನ್ನು ಮೂರನೆಯವರನ್ನಾಗಿ ಮಾಡಿತು. ಈ ಗಲಾಟೆಯಲ್ಲಿ ಹನ್ನೆರಡನೆಯ ನಂಬರಿನವನ ಜಾಗಕ್ಕೆ ಬೇರೆ ಯಾರೋ ನುಗ್ಗಿದರು. ಜಾಗ ಕಳೆದುಕೊಂಡ ಆ ಗಿಡ್ಡ ಮೀಸೆಯ ಆಸಾಮಿ ಮೇಷ್ಟ್ರ ಜೊತೆ ಜಗಳವಾಡಿ, ಕೊನೆಗೆ ನಮ್ಮ ಬೆನ್ನಿಗೇ ಕಾರು ತಂದು ಅಂಟಿಸಿದ.

ಸ್ವಲ್ಪ ಹೊತ್ತಿಗೆ ಚಾರ್ಜರ್ ಸಿಕ್ಕಿತು. ಪರ್ಸೆಂಟ್ ಏರತೊಡಗಿತು. ಹದಿನೈದು, ಇಪ್ಪತ್ತು, ಇಪ್ಪತ್ತಾರು. ಕಾರಿನೊಳಗೆ ತಂಪು ಬಂತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಕಣ್ಣು ಬಿಟ್ಟು ನೋಡಿದರೆ ಹಿಂದಿನ ಸೀಟು ಖಾಲಿ.

ಅತ್ತೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು. ಪಕ್ಕದಲ್ಲಿ ಒಬ್ಬ ಹೆಂಗಸು. ನಾನು ಹತ್ತಿರ ಹೋಗುವಷ್ಟರಲ್ಲಿ ಮಾತು ಕೇಳಿಸಿತು. "ನಮ್ಮ ಸೊಸೆ ಬಲು ಚುರುಕು. ಅವಳ ಬುದ್ಧಿ ಇಲ್ದಿದ್ರೆ ನಾವಿನ್ನೂ ಬಿಸಿಲಲ್ಲಿ ಬೇಯ್ತಿದ್ವಿ." ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಹೆಂಗಸು ಎದ್ದು ಸೀದಾ ಗಿಡ್ಡ ಮೀಸೆಯವನ ಕಾರಿಗೆ ಹೋಗಿ ಬಾಗಿಲು ತೆಗೆದಳು. ಅವನ ಹೆಂಡತಿ.

ಯಾರಾದರೂ ಬಂದು ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನಲ್ಲಿ ಉತ್ತರವಿರುತ್ತದೆ. ಯಾರೂ ಬರಲಿಲ್ಲ. ಸುದ್ದಿ ಕಾರಿನಿಂದ ಕಾರಿಗೆ ದಾಟುವುದು ಕಾಣುತ್ತಿತ್ತು. ಒಂದು ಗಾಜು ಇಳಿಯುವುದು, ಒಂದು ತಲೆ ಹೊರಗೆ ಬರುವುದು, ನಮ್ಮ ಕಡೆ ನೋಡುವುದು, ಗಾಜು ಏರುವುದು. ಮೇಷ್ಟ್ರ ಕಿವಿಗೂ ಬಿತ್ತು. ಅವರು ನಮ್ಮ ಕಡೆ ತಿರುಗಲೇ ಇಲ್ಲ. ಬೀಗ ಹಾಕಿದ ಕೋಣೆಯ ಮೆಟ್ಟಿಲ ಮೇಲೆ ಕೂತು ಕೈಗೆ ಮೆತ್ತಿದ್ದ ಸುಣ್ಣ ಉಜ್ಜಿಕೊಳ್ಳುತ್ತಿದ್ದರು.

ಆಗ ಬಂದ ನೀಲಿ ಅಂಗಿಯ ಮನುಷ್ಯ. ನಲವತ್ತು ವರ್ಷವಿರಬಹುದು. ಬರಿಗಾಲಲ್ಲಿ ಓಡಿ ಬಂದಿದ್ದ.

"ನಮ್ಮಪ್ಪನ ಆಕ್ಸಿಜನ್ ಮೆಷಿನ್ ಕಾರಿಂದ ಓಡ್ತಿದೆ ಸಾರ್. ಎರಡು ಪರ್ಸೆಂಟ್ ಇದೆ," ಎಂದ.

"ನಂಬರೆಷ್ಟು?" ಮೇಷ್ಟ್ರು ಕೇಳಿದರು.

"ಇಪ್ಪತ್ತೆರಡು. ಮೆಷಿನ್ ಕಾರಿಂದ ಓಡ್ತಿದೆ ಸಾರ್. ಎರಡೇ ಪರ್ಸೆಂಟ್ ಇದೆ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. "ನಿಮ್ಮಪ್ಪಂಗೆ ಬಿಸ್ಕತ್ತು ಬೇಕಂತಾ?" ಎಂದು ಗಿಡ್ಡ ಮೀಸೆಯವನು ಕೂಗಿದ. ಮೇಷ್ಟ್ರ ಮುಖ ಕೆಂಪಾಯಿತು. ಒಂದೇ ದಿನ ಎರಡು ಸಲ ಪೆದ್ದನಾಗುವುದು ಯಾವ ಹೆಡ್‌ಮೇಷ್ಟ್ರಿಗೂ ಬೇಡ. "ಹೋಗಪ್ಪ, ನಿನ್ನ ನಂಬರ್ ಬರೋವರೆಗೂ ಕಾಯಿ," ಎಂದರು. ನೀಲಿ ಅಂಗಿಯವನು ಅದೇ ಎರಡು ಮಾತನ್ನು ಇನ್ನೊಮ್ಮೆ, ಮತ್ತೊಮ್ಮೆ ಹೇಳಿದ. ಬೇರೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ.

ಅವನು ನಿಜ ಹೇಳುತ್ತಿದ್ದ. ಅಲ್ಲಿದ್ದ ಅಷ್ಟೂ ಜನರಲ್ಲಿ ಅದು ಖಚಿತವಾಗಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ನಮ್ಮದು ಮೂವತ್ತೆಂಟಕ್ಕೆ ಬಂದಿತ್ತು. "ಹೋಗಿ ನೋಡ್ಕೊಂಡು ಬರ್ಲಾ?" ಎಂದು ನನ್ನ ಗಂಡ ಬಾಗಿಲಿಗೆ ಕೈ ಹಾಕಿದರು. "ಸುಮ್ನೆ ಕೂತ್ಕೊಳ್ರಿ," ಎಂದೆ. ಈಗ ಇಳಿದರೆ ಎಲ್ಲರೂ ನಮ್ಮ ಮೇಲೆ ಮುಗಿಬೀಳುತ್ತಾರೆ. ನಲವತ್ತೈದಾಗಲಿ, ಆಮೇಲೆ ನಾನೇ ಜಾಗ ಬಿಟ್ಟುಕೊಟ್ಟರಾಯಿತು ಎಂದುಕೊಂಡೆ. ಬಾಯಿಗೆ ಬೀಗ ಹಾಕಿಕೊಂಡು ಪರದೆಯ ಮೇಲಿನ ಅಂಕಿ ನೋಡುತ್ತಾ ಕೂತೆ. ಮೂವತ್ತೊಂಬತ್ತು. ನಲವತ್ತು. ಅಷ್ಟು ನಿಧಾನವಾಗಿ ಏರುವುದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹನ್ನೆರಡು ನಿಮಿಷ ಹಾಗೆ ಕೂತಿದ್ದೆ. ಅದನ್ನು ಯಾರ ಮುಂದೆಯೂ ಕಡಿಮೆ ಮಾಡಿ ಹೇಳುವುದಿಲ್ಲ.

ಆವರಣದ ಮೂಲೆಯಿಂದ ಕೂಗು ಕೇಳಿಸಿತು. "ಅಪ್ಪಾ" ಅಂತಲೂ ಪೂರ್ತಿ ಆಗದ ಕೂಗು.

ನಾನು, ನನ್ನ ಗಂಡ ಇಬ್ಬರೂ ಕಾರುಗಳ ನಡುವೆ ಮೈ ತರಚಿಕೊಂಡು ಓಡಿದೆವು. ಇಪ್ಪತ್ತೆರಡನೆಯ ಕಾರಿನ ದೀಪಗಳೆಲ್ಲ ಆರಿದ್ದವು. ಹಿಂದಿನ ಸೀಟಿನಲ್ಲಿ ಮುದುಕರು, ಮೂಗಿಗೆ ನಳಿಗೆ, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಾಲ ಬಳಿ ಸಣ್ಣ ಪೆಟ್ಟಿಗೆಯಷ್ಟು ಯಂತ್ರ ಸದ್ದಿಲ್ಲದೆ ಕೂತಿತ್ತು. ಅದರ ತಂತಿ ಹೋಗಿ ಸೇರಿದ್ದು ಕಾರಿನ ಒಂದು ಸಾಧಾರಣ ಸಾಕೆಟ್ಟಿಗೆ. ಅವನಿಗೆ ಸರದಿಯೇ ಬೇಕಿರಲಿಲ್ಲ. ಅಂಥ ಸಾಕೆಟ್ಟು ಅಲ್ಲಿದ್ದ ಮೂವತ್ತು ಕಾರುಗಳಲ್ಲೂ ಇತ್ತು. ಯಾರಾದರೂ ಒಬ್ಬರು ಎದ್ದು ಹೋಗಿ ನೋಡಿದ್ದರೆ ಸಾಕಿತ್ತು.

ಮುದುಕರನ್ನು ಎತ್ತಿಕೊಂಡು ಬಂದು ನಮ್ಮ ಕಾರಿನಲ್ಲಿ ಮಲಗಿಸಿದೆವು. ಯಂತ್ರ ಗುಂಯ್ ಎಂದಿತು. ಅತ್ತೆ ಅವರ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, "ಉಸಿರು ತಗೊಳ್ಳಿ ಅಣ್ಣಾ, ತಗೊಳ್ಳಿ," ಎನ್ನುತ್ತಿದ್ದರು. ಈಗ ಅತ್ತೆಯ ನರಳಾಟ ನಿಜದ್ದಾಗಿತ್ತು. ಆಂಬುಲೆನ್ಸಿಗೆ ಫೋನು ಮಾಡಿದರೆ, ಸ್ಟೇಷನ್ನಿನ ಸಾಲೇ ರಸ್ತೆಗೆ ಅಡ್ಡ ನಿಂತಿದೆ, ಯಾವಾಗ ತಲುಪುತ್ತೇವೋ ಹೇಳಲಾಗದು ಎಂದರು. ಆಸ್ಪತ್ರೆ ಮೂವತ್ತು ಕಿಲೋಮೀಟರ್. ನಮ್ಮಲ್ಲಿ ನಲವತ್ಮೂರು ಪರ್ಸೆಂಟ್ ಇತ್ತು. ನನ್ನ ಗಂಡ ಕೇಬಲ್ ಕಿತ್ತು ಕಾರು ಹತ್ತಿ ಹಾರ್ನ್ ಒತ್ತಿದರು.

ಎದುರಿಗೆ ಚಾರ್ಜರ್, ಹೊರಬೀಳಬೇಕೆಂದರೆ ಹಿಂದಕ್ಕೇ ಸರಿಯಬೇಕು. ಹಿಂದಿನ ಕಾರು ಕದಲಲಿಲ್ಲ. ಗಿಡ್ಡ ಮೀಸೆಯವನು ಗಾಜು ಏರಿಸಿಕೊಂಡು ಎದುರಿಗೆ ನೋಡುತ್ತಾ ಕೂತಿದ್ದ. ನಾನು ಹೋಗಿ ಗಾಜು ಬಡಿದೆ. "ಇವರಿಗೆ ನಿಜವಾಗ್ಲೂ ಆಗ್ತಿಲ್ಲ, ಬೇಕಾದ್ರೆ ಬಂದು ನೋಡಿ, ಆಸ್ಪತ್ರೆ ಮೂವತ್ತೇ ಕಿಲೋಮೀಟರ್, ಆಂಬುಲೆನ್ಸಿಗೂ ಫೋನ್ ಮಾಡಿದೀವಿ, ಮೂರು ಇಪ್ಪತ್ತಕ್ಕೆ ಮಾಡಿದ್ದು, ಬೇಕಾದ್ರೆ ನಂಬರ್ ತೋರಿಸ್ತೀನಿ..." ನನ್ನ ಮಾತು ನನ್ನ ಕಿವಿಗೇ ಬಿತ್ತು. ಕೌಂಟರಿನಲ್ಲಿ ಇಂಥವರನ್ನು ನಾನು ಎರಡು ನಿಮಿಷದಲ್ಲಿ ಸಾಗಹಾಕುತ್ತೇನೆ.

ಅವನ ಹೆಂಡತಿ ಗಾಜನ್ನು ಎರಡು ಬೆರಳಷ್ಟು ಇಳಿಸಿದಳು. "ಆವಾಗ್ಲೂ ನೀವು ಹೀಗೇ ಅತ್ತಿದ್ರಿ," ಎಂದು ಮತ್ತೆ ಏರಿಸಿದಳು.

ಮೇಷ್ಟ್ರು ಬಂದರು. ಕಿಟಕಿಯಲ್ಲಿ ಬಗ್ಗಿ ಮುದುಕರ ಉಗುರು ನೋಡಿದರು, ತುಟಿ ನೋಡಿದರು. ನೆಟ್ಟಗಾದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. "ನಿಜ! ಇದು ನಿಜ! ಗಾಡಿ ತೆಗೀರಿ!" ಎಂದು ಕೂಗುತ್ತಾ ಕಾರಿನಿಂದ ಕಾರಿಗೆ ಓಡಿದರು. ಇಬ್ಬರು ತರುಣರು ಬಂದು ನೋಡಿ, ಹೆದರಿ, ತಮ್ಮ ಕಾರು ತೆಗೆಯಲು ಓಡಿದರು. ಅವರದು ಎಲ್ಲೋ ಹಿಂದೆ, ಹತ್ತನೆಯದೋ ಹನ್ನೊಂದನೆಯದೋ. ಮುಂದಿನವರು ಜಪ್ಪಯ್ಯ ಎನ್ನಲಿಲ್ಲ. "ಮೇಷ್ಟ್ರನ್ನೂ ಬುಟ್ಟಿಗೆ ಹಾಕ್ಕೊಂಡ್ಳು," ಎಂದು ಯಾರೋ ನಕ್ಕರು. ಯಾರೋ ಫೋನೆತ್ತಿ ಚಿತ್ರ ತೆಗೆಯುತ್ತಿದ್ದರು. ಮೇಷ್ಟ್ರು ಗಿಡ್ಡ ಮೀಸೆಯವನ ಬಾಗಿಲ ಮುಂದೆ ಕೈ ಮುಗಿದು ನಿಂತರು.

ನಾನು ಕಾರಿಗೆ ಮರಳಿದೆ. ನೀಲಿ ಅಂಗಿಯವನು ನನ್ನ ಕಡೆ ನೋಡಲಿಲ್ಲ. ತಂದೆಯ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಎದೆ ಏರಿದಾಗಲೆಲ್ಲ ಮೆಲ್ಲಗೆ ಎಣಿಸುತ್ತಿದ್ದ. ಹತ್ತು ಎಂದ. ಹನ್ನೊಂದು ಎಂದ. ನನ್ನ ಗಂಡನ ಕೈ ಹಾರ್ನ್ ಮೇಲೇ ಇತ್ತು. ಹನ್ನೆರಡು ಎಂದ ಮೇಲೆ ಅವನು ಬಹಳ ಹೊತ್ತು ಸುಮ್ಮನಿದ್ದ. ನಾನು ಹದಿಮೂರಕ್ಕಾಗಿ ಕಾಯುತ್ತಾ ನಿಂತಿದ್ದೆ.