ಮುದ್ರೆ ಒತ್ತದ ಗುಡಾಣ

ವೈನು ಕೊಳ್ಳಲು ಬಂದ ನಿಕಾನ್ ಬಟ್ಟಲನ್ನು ಎರಡನೇ ಸಲ ತುಟಿಗಿಟ್ಟ. ನುಂಗಲಿಲ್ಲ, ಪಕ್ಕಕ್ಕೆ ತಿರುಗಿ ಉಗಿದ. ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದ ವೈನಿನ ಗುಡಾಣದ ಆಚೆ ನಿಂತು ಫಿಲಿಸ್ ಅವನ ಮುಖವನ್ನೇ ನೋಡುತ್ತಿದ್ದಳು.

"ಹುಳಿ ಹಿಡಿದಿದೆ ತಂಗಿ."

"ಐದು ದಿನದ ಹಿಂದೆ ನೀವೇ ಕುಡಿದು ತಲೆದೂಗಿದ್ರಿ."

"ದೂಗಿದ್ದು ನಿಜ. ಆವತ್ತಿಂದ ತೆಂಕಣ ಬಿಸಿಗಾಳಿ ಬೀಸ್ತಿದೆಯಲ್ಲ. ರುಚಿ ನೋಡೋಕೆ ಅಂತ ಮುಚ್ಚಳ ಒಡೆದಿದ್ವಿ. ಇನ್ನೇನಾಗುತ್ತೆ?"

ಹೊರಗೆ ಅವನ ಕತ್ತೆಗಳು ಖಾಲಿ ಜಾಡಿ ಹೊತ್ತು ನಿಂತಿದ್ದವು. ನಾಳೆ ಬೆಳಿಗ್ಗೆ ಅವನ ಹಡಗು ಹೊರಡಬೇಕು. ಕೃತ್ತಿಕೆ ನಕ್ಷತ್ರ ಮುಳುಗಿ ಚಳಿಗಾಲ ಶುರುವಾದ ಮೇಲೆ ಯಾರೂ ಕಡಲಿಗಿಳಿಯುವುದಿಲ್ಲ; ಈ ವರ್ಷಕ್ಕೆ ಅವನದೇ ಕೊನೆಯ ಹಡಗು. ದ್ರಾಕ್ಷಿ ಬಳ್ಳಿಗೆ ಊರುಗೋಲು ತರಲು ಆಚೆ ದಡಕ್ಕೆ ಹೋದ ಫಿಲಿಸ್‌ಳ ಗಂಡ ಪಿಥಿಯಾನ್ ಗುಡ್ಡದ ಥ್ರೇಸ್‌ನವರ ಕೈಗೆ ಸಿಕ್ಕಿಬಿದ್ದಿದ್ದ. ಕೊನೆಯ ಹಡಗಿನಲ್ಲಿ ಬಿಡುಗಡೆಯ ಬೆಳ್ಳಿ ಬಾರದಿದ್ದರೆ ಗಣಿಗೆ ಮಾರುತ್ತೇವೆಂದು ಅವರು ಹೇಳಿ ಕಳಿಸಿದ್ದರು. ನಮ್ಮ ತಾಸೋಸ್ ದ್ವೀಪದಲ್ಲೂ ಗಣಿಗಳಿವೆ. ಅಲ್ಲಿಗೆ ಮಾರಿದ ಆಳು ಎಷ್ಟು ದಿನ ಬದುಕುತ್ತಾನೆಂದು ಯಾರೂ ನಮಗೆ ಹೇಳಿಕೊಡಬೇಕಿಲ್ಲ.

ಗುಡಾಣದ ಬಾಯಿಗೆ ಕೊಂಡವನ ಮುದ್ರೆ ಬಿದ್ದರೆ ಮಾತ್ರ ವೈನು ಮಾರಿದ ಹಾಗೆ. ಆಮೇಲೆ ಹುಳಿತರೂ ಸೋರಿದರೂ ನಷ್ಟ ಕೊಂಡವನದು. ಇದು ದ್ವೀಪದ ಮಕ್ಕಳಿಗೂ ಗೊತ್ತು. ಆವತ್ತು ನಿಕಾನ್ ತಾನಾಗಿಯೇ ಬೆರಳಿಂದ ಮುದ್ರೆಯ ಉಂಗುರ ಬಿಚ್ಚಿ, ಒತ್ತಲು ಹಸಿಮಣ್ಣು ಕೇಳಿದ್ದ. ಫಿಲಿಸ್ ಅವನ ಕೈ ತಡೆದಿದ್ದಳು. "ನಮ್ಮ ಮನೇಲಿ ಉಂಡವರು ನೀವು. ಉಂಗುರ ಒತ್ತಿಸ್ಕೊಳ್ಳೋಕೆ ನಾವೇನು ಸಂತೆಯವರಾ ಅಣ್ಣ?" ಹಾಗೆಂದು ಒಳಗೊಳಗೇ ಹೆಮ್ಮೆಪಟ್ಟಿದ್ದಳು ಕೂಡ. ಆ ಹೆಮ್ಮೆ ನೆನಪಾಗಿ ಈಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಮುದ್ರೆ ಒತ್ತಿದ್ದೆ ಅನ್ನಿ ಅಣ್ಣ. ಯಾರು ನೋಡಿದಾರೆ?"

"ಹಡಗಲ್ಲಿ ಇನ್ನೂ ಮೂವರು ಪಾಲುದಾರರಿದಾರೆ. ಮುದ್ರೆ ಎಲ್ಲಿ ಅಂತ ಕೇಳ್ತಾರೆ." ಅವನು ಅವಳತ್ತ ನೋಡದೆ ಹೇಳಿದ. "ಇದನ್ನ ಅಡುಗೆ ಹುಳಿರಸದ ಬೆಲೆಗಾದ್ರೆ ತಗೋತೀನಿ."

"ಅದರಲ್ಲಿ ನಮ್ಮನೆಯವರ ಒಂದು ಕಾಲೂ ಬಿಡಿಸೋಕಾಗಲ್ಲ."

ನಿಕಾನ್ ಕೆಟ್ಟವನಲ್ಲ. ಹೊಟ್ಟೆ ಉರಿಸುವುದು ಅದೇ. ಕೆಟ್ಟವನಾಗಿದ್ದರೆ ಬೈದಾದರೂ ಅವಳು ಹಗುರಾಗುತ್ತಿದ್ದಳು. ಅವನು ಬಟ್ಟಲನ್ನು ತಾನೇ ತೊಳೆದು ಬೋರಲು ಹಾಕಿದ. ಬಾಗಿಲವರೆಗೆ ಹೋದವನು ನಿಂತ.

"ಆ ಗುಡ್ಡದವರು ಆಚೆ ದಡದ ಸಂತೆಗೆ ಬರ್ತಾರೆ, ಸೆರೆಸಿಕ್ಕವರನ್ನೂ ಕರ್ಕೊಂಡು. ಪಿಥಿಯಾನ್ ಕಂಡ್ರೆ ಏನು ಹೇಳ್ಲಿ?"

"ಈ ಸಲ ದ್ರಾಕ್ಷಿ ಚೆನ್ನಾಗಿ ಬಂದಿದೆ ಅನ್ನಿ."

"ಮತ್ತೆ ಬೆಳ್ಳಿ ಯಾಕೆ ಬರಲಿಲ್ಲ ಅಂದ್ರೆ?"

ಫಿಲಿಸ್ ಬೋರಲು ಹಾಕಿದ್ದ ಬಟ್ಟಲನ್ನು ಎತ್ತಿ ಗೂಡಿನಲ್ಲಿಟ್ಟಳು.

"ನಾನು ಸತ್ತೆ ಅನ್ನಿ. ಅವರು ದಾರಿ ಕಾಯೋದಾದ್ರೂ ತಪ್ಪುತ್ತೆ."

ಕತ್ತೆಗಳು ಖಾಲಿ ಜಾಡಿಗಳೊಂದಿಗೇ ಇಳಿಜಾರಿನಲ್ಲಿ ಹೋದವು. ಮಧ್ಯಾಹ್ನದೊಳಗೆ ಸುದ್ದಿ ಕೇರಿಯಲ್ಲಿ ಹಬ್ಬಿತು. ಆಲಿವ್ ಕಾಯಿ ಉಪ್ಪಿಗೆ ಹಾಕುವ ಕಾಲ. ಎಲ್ಲರ ಮನೆಗೂ ಹುಳಿರಸ ಬೇಕು. ಹೆಂಗಸರು ಗಡಿಗೆ ಹಿಡಿದು ಬಂದು ಅಂಗಳದಲ್ಲಿ ನಿಂತರು. ಪಕ್ಕದ ಮನೆಯವಳು ಮೆಲ್ಲಗೆ ಬೆಲೆ ಕೇಳಿದಳು. ಫಿಲಿಸ್ ಬೆಲೆ ಬೇಡವೆಂದು ಕೈಯಾಡಿಸಿ, ಗುಡಾಣದ ಪಕ್ಕ ಮಂಡಿಯೂರಿ, ಸೌಟಿನಿಂದ ಅವಳ ಗಡಿಗೆಯನ್ನು ಕಂಠದವರೆಗೆ ತುಂಬಿಸಿದಳು. ಆಮೇಲೆ ತಲೆಯೆತ್ತದೆ ಮುಂದಿನ ಗಡಿಗೆಗೆ ಕೈ ಚಾಚಿದಳು.